ಸ್ವಲ್ಪ ಕಾರವಾರ, ಸ್ವಲ್ಪ ಅಂಕೋಲಾ

ಅಮೆರಿಕದಲ್ಲಿ ಕನ್ನಡಿಗನೊಬ್ಬ ಟ್ರೇಲರ್ ಕೊಂಡನೆಂದರೆ ಅವನ ಬಂಧುಬಳಗ ಬೆಳೆಯಿತೆಂದೇ ಲೆಕ್ಕ. ಅಲ್ಲಿಯವರೆಗೆ ಯುಗಾದಿಗೊಮ್ಮೆ ವಾಟ್ಸಾಪ್‌ನಲ್ಲಿ ಬೇವು-ಬೆಲ್ಲದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದವರು ಈಗ ಶುಕ್ರವಾರ ಸಂಜೆ ಫೋನ್ ಮಾಡಿ ಮಕ್ಕಳ ಓದು ವಿಚಾರಿಸುತ್ತಾರೆ. ಮಾತು ಸೆಕೆಗೆ ಬರುತ್ತದೆ, ಅಲ್ಲಿಂದ ಬೆಂಡೆಕಾಯಿ ದರಕ್ಕೆ, ಅಲ್ಲಿಂದ ‘ನಾಳೆ ನಿಮ್ಮ ಟ್ರೇಲರ್ ಖಾಲಿ ಇದ್ಯಾ?’ ಎಂಬಲ್ಲಿಗೆ. ಟ್ರೇಲರ್ ಬಾಡಿಗೆಗೆ ಕೊಡುವ ಯು-ಹಾಲ್ ಕಂಪನಿ 1945ರಿಂದಲೂ ಆ ದೇಶದಲ್ಲಿದೆ. ಆದರೆ ಬಾಡಿಗೆ ಟ್ರೇಲರಿನ ಜತೆ ಅದನ್ನು ಹಿಮ್ಮುಖವಾಗಿ ಗ್ಯಾರೇಜಿಗೆ ನುಗ್ಗಿಸುವ ಯಜಮಾನನೂ, ಸೋಫಾದ ಇನ್ನೊಂದು ತುದಿ ಹಿಡಿಯುವ ಅವನ ಮಗನೂ ಉಚಿತವಾಗಿ ಬರುವುದಿಲ್ಲ.

ಇಲ್ಲಿ ಹೇಳಹೊರಟ ಮನೆ ಟೆಕ್ಸಾಸಿನ ಹ್ಯೂಸ್ಟನ್ ಹೊರವಲಯದ್ದು. ನಾಲ್ಕಾರು ಮನೆಗಳ ಸುದ್ದಿ ಕೂಡಿಸಿ ಕಟ್ಟಿದ ಮನೆಯಾದ್ದರಿಂದ ಯಾರೂ ತಮ್ಮ ವಿಳಾಸ ಹುಡುಕಬೇಕಾಗಿಲ್ಲ. ಯಜಮಾನ ಕಾರವಾರ ತಾಲೂಕಿನ ಕಿನ್ನರದವನು, ಕಾಳಿ ನದಿಯ ದಂಡೆಯಲ್ಲಿ ಬೆಳೆದವನು. ಹೆಂಡತಿ ಅಂಕೋಲೆಯವಳು. ಎರಡೂ ಊರಿನ ನಡುವೆ ಬಸ್ಸಿನಲ್ಲಿ ತಾಸಿನ ದಾರಿ. ಮದುವೆಯಾಗಿ ಇಷ್ಟು ವರ್ಷವಾದರೂ ಆ ದೂರ ಕಡಿಮೆಯಾಗಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಆಕೆ ಅದನ್ನು ತನ್ನ ಅಪ್ಪನ ಮನೆಗೇ ಸಿಕ್ಕ ಪ್ರಶಸ್ತಿಯೆಂಬಂತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಸಾಫ್ಟ್‌ವೇರ್ ಬರೆಯುವವನಿಗೆ ಟ್ರೇಲರ್ ಯಾಕೆ ಬೇಕು? ಅದಕ್ಕೆ ಜೇನುಹುಳವೇ ಕಾರಣ. ಟೆಕ್ಸಾಸಿನಲ್ಲಿ 5ರಿಂದ 20 ಎಕರೆ ಜಾಗದಲ್ಲಿ ನಿಯಮಕ್ಕೆ ತಕ್ಕಂತೆ ಜೇನು ಸಾಕಿದರೆ ಜಮೀನಿಗೆ ಪೇಟೆಯ ಬೆಲೆಯ ಮೇಲೆ ಅಲ್ಲ, ಕೃಷಿಭೂಮಿಯ ಲೆಕ್ಕದಲ್ಲಿ ತೆರಿಗೆ ಹಾಕುತ್ತಾರೆ. ಯಾರೋ ಹೇಳಿದರೆಂದು ಇವನು ಆರು ಎಕರೆ ಕೊಂಡ. ಜೇನುಪೆಟ್ಟಿಗೆ ಬಂತು, ತೆರಿಗೆ ಇಳಿಯಿತು, ಹುಲ್ಲು ಏರಿತು. ಹುಲ್ಲು ಕತ್ತರಿಸಲು ಪುಟ್ಟ ಟ್ರ್ಯಾಕ್ಟರ್, ಅದನ್ನು ರಿಪೇರಿಗೆ ಒಯ್ಯಲು ಟ್ರೇಲರ್, ಟ್ರೇಲರ್ ಎಳೆಯಲು ಪಿಕಪ್. ತೆರಿಗೆಯಲ್ಲಿ ಉಳಿಸಿದ್ದಕ್ಕಿಂತ ಎಷ್ಟು ಹೆಚ್ಚು ಖರ್ಚಾಯಿತು ಎಂಬ ಲೆಕ್ಕ ಹೆಂಡತಿಯ ಹತ್ತಿರ ಇದೆ. ಗಂಡ ಇನ್ನೂ ಕೇಳಿಲ್ಲ.

ಅದು ಟ್ರ್ಯಾಕ್ಟರಿಗೆಂದು ತಂದ ಟ್ರೇಲರ್. ಹೊತ್ತದ್ದು ಮಾತ್ರ ಗಣೇಶನ ಮಂಟಪ, ನಾಟಕದ ಪರದೆ, ಸ್ಪೀಕರ್ ಪೆಟ್ಟಿಗೆ, ಇನ್ನೂರು ಜನರಿಗೆ ಬಿಸಿಬೇಳೆಬಾತ್ ಮಾಡುವ ಪಾತ್ರೆ. ಹ್ಯೂಸ್ಟನ್ ಕನ್ನಡಿಗರಿಗೆ ಇಂಥ ಸಾಮಾನು ಹೊರುವುದು ಹೊಸದಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ನಡೆದದ್ದೇ ಆ ಊರಿನಲ್ಲಿ. ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಭಾಷಣಕಾರರ ಫೋಟೊ ಇರುತ್ತದೆ. ಕುರ್ಚಿ ತಂದ ಗಾಡಿಯದು ಇರುವುದಿಲ್ಲ.

ಹೀಗೆ ದುಡಿದ ಹಳೆಯ ಟ್ರೇಲರ್ ಈಗ ಮುದುಕಾಗಿತ್ತು. ಹದಿನಾರು ಅಡಿ ಉದ್ದದ ಪೈನ್ ಹಲಗೆಗಳಲ್ಲಿ ಮೂರು ಕುಂಬಾಗಿ, ಅಲ್ಲಿ ಪ್ಲೈವುಡ್ ತೇಪೆ ಬಿದ್ದಿತ್ತು. ದೀಪದ ವೈರಿನ ಡಬ್ಬಿಯಲ್ಲಿ ಟೆಕ್ಸಾಸಿನ ಕೆಂಪಿರುವೆ ಗೂಡು ಕಟ್ಟಿದ್ದರಿಂದ ಎಡ ಸಿಗ್ನಲ್ ಹಾಕಿದರೆ ಬ್ರೇಕ್ ಲೈಟ್ ಹೊತ್ತುತ್ತಿತ್ತು. ಟಯರಿನ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕೆ 1812. ಮಗ ಅದನ್ನು ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಹೋದ ವರ್ಷ ಎಂದು ಓದಿದ. ಮೊದಲೆರಡು ಅಂಕೆ ವಾರ, ಕೊನೆಯೆರಡು ವರ್ಷ. 2012ರ ಹದಿನೆಂಟನೇ ವಾರದಲ್ಲಿ ತಯಾರಾದ ಟಯರ್ ಅದು. ಟ್ರೇಲರ್ ಟಯರುಗಳು ಸವೆದು ಸಾಯುವುದು ಕಡಿಮೆ. ನಿಂತಲ್ಲೇ ಬಿಸಿಲು ಕುಡಿದು ಬಿರುಕು ಬಿಡುತ್ತವೆ. ಮೇಲೆ ನೋಡಿದರೆ ಗೆರೆಯೆಲ್ಲ ಹೊಸದರ ಹಾಗೇ ಇರುವುದರಿಂದ ‘ಇನ್ನೂ ಚೆನ್ನಾಗಿದೆ’ ಎಂದು ವಾದಿಸುವ ಗಂಡಸರಿಗೆ ಒಳ್ಳೆಯ ಆಧಾರ ಸಿಗುತ್ತದೆ.

ಇವನೂ ಅದೇ ವಾದ ಹೂಡಿದ್ದ. ಸಾಲದ್ದಕ್ಕೆ ಸರ್ಕಾರವೂ ಅವನ ಪಕ್ಷ ಸೇರಿತು. ಖಾಸಗಿ ವಾಹನಗಳಿಗೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ಸುರಕ್ಷತಾ ತಪಾಸಣೆಯನ್ನು ಟೆಕ್ಸಾಸ್ 2025ರ ಜನವರಿ 1ರಿಂದ ಕೈಬಿಟ್ಟಿತು. ‘ನೋಡು, ಸರ್ಕಾರವೇ ಕೇಳೋದಿಲ್ಲ’ ಎಂದ. ಸರ್ಕಾರ ಕೇಳುವುದನ್ನು ಬಿಟ್ಟ ವರ್ಷವೇ ಕಿನ್ನರದಿಂದ ಅವನ ತಾಯಿ, ಅಂದರೆ ಆಯಿ, ಆರು ತಿಂಗಳಿಗೆಂದು ಬಂದಿಳಿದರು.

ಊರಿಂದ ಬಂದ ಹಿರಿಯರು ಹಳೆಯದನ್ನೇ ಉಳಿಸಿಕೊಳ್ಳಿ ಅನ್ನುತ್ತಾರೆ, ಖರ್ಚು ಬೇಡ ಅನ್ನುತ್ತಾರೆ ಎಂಬ ನಂಬಿಕೆ ಹೊರನಾಡಿನಲ್ಲಿ ಗಟ್ಟಿಯಾಗಿದೆ. ಯಜಮಾನನೂ ಅದೇ ಧೈರ್ಯದ ಮೇಲೆ ಆಯಿಯನ್ನು ಟ್ರೇಲರಿನ ಹತ್ತಿರ ಕರೆದುಕೊಂಡು ಹೋದ. ಆಯಿ ಒಂದು ಸುತ್ತು ಬಂದರು. ಪ್ಲೈವುಡ್ ತೇಪೆಯನ್ನು ಕಾಲಿನಿಂದ ಒತ್ತಿದರು, ಅದು ಕಿರ್ ಎಂದಿತು.

‘ಇದನ್ನ ಬಿಸಾಕು ತಮಾ.’

‘ಆಯಿ, ಇದು ಇನ್ನೂ ಗಟ್ಟಿ ಇದೆ.’

‘ಆ ಸೇತುವೆನೂ ಹಿಂದಿನ ದಿನದ ತನಕ ಗಟ್ಟಿನೇ ಇತ್ತಲ.’

ವಾದ ಅಲ್ಲಿಗೆ ಮುಗಿಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿಯ ಹಳೆ ಸೇತುವೆ ಕುಸಿದು, ಆ ಹೊತ್ತಿಗೆ ಅದರ ಮೇಲಿದ್ದ ಲಾರಿ ಹೊಳೆಗೆ ಬಿತ್ತು. ಚಾಲಕ ಬದುಕಿ ಬಂದ. ನಾಲ್ಕು ದಶಕ ಗೋವೆಗೆ ಹೋಗುವವರನ್ನೆಲ್ಲ ದಾಟಿಸಿದ ಸೇತುವೆ ಅದು. ಪಕ್ಕದ ಹೊಸ ಸೇತುವೆ ನಿಂತಿತು. ಕಾಳಿ ದಂಡೆಯವರ ಎದುರು ಹಳೆಯದರ ಗಟ್ಟಿತನದ ಮಾತು ಆ ರಾತ್ರಿಯ ನಂತರ ನಡೆಯುವುದಿಲ್ಲ.

ಹೆದ್ದಾರಿ ಬದಿಯ ಟ್ರೇಲರ್ ಅಂಗಡಿಗೆ ಮನೆಮಂದಿಯೆಲ್ಲ ಹೊರಟರು. ಕನ್ನಡಿಗರು ಸೀರೆ ಅಂಗಡಿಗೆ ಹೇಗೋ ಟ್ರೇಲರ್ ಅಂಗಡಿಗೂ ಹಾಗೆಯೇ ಹೋಗುವುದು: ಕೊಳ್ಳುವವನೊಬ್ಬ, ಅಭಿಪ್ರಾಯ ಇರುವವರು ನಾಲ್ವರು. ಮಾರಾಟದ ಹುಡುಗ ಒಳ್ಳೆಯವನು. ಅಜ್ಜಿಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದ: ಇದರ ಮೇಲೆ ಬೇರೆ ಗಾಡಿ ಹತ್ತಿಸಬಹುದು. ಮೊಮ್ಮಗ ಅನುವಾದಿಸಿದ. ಆಯಿ ನಕ್ಕರು. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಹೋಗುತ್ತಿದೆ; ಡ್ರೈವರು-ಕ್ಲೀನರು ತಮ್ಮ ಲಾರಿಯಲ್ಲೇ ಕೂತು ಕಾರವಾರ, ಅಂಕೋಲಾ ಸ್ಟೇಶನ್ನುಗಳನ್ನು ನೋಡುತ್ತಾ ಸಾಗುತ್ತಾರೆ. ‘ನಮ್ಮಲ್ಲಿ ಲಾರಿಗಳೇ ರೈಲು ಹತ್ತತಾವೆ ಅಂತ ಹೇಳು ಅವಂಗೆ’ ಎಂದರು. ಮೊಮ್ಮಗ ಹೇಳಿದ. ಹುಡುಗ ಅಲ್ಲಿಂದ ಮುಂದೆ ಅಜ್ಜಿಯ ಜತೆ ಮರ್ಯಾದೆಯಿಂದ ನಡೆದುಕೊಂಡ.

ಆರಿಸಿದ್ದು ಇಪ್ಪತ್ತು ಅಡಿಯದು. 7,000 ಪೌಂಡಿನ ಎರಡು ಆಕ್ಸಲ್, ಒಟ್ಟು ತಾಳಿಕೆ 14,000 ಪೌಂಡ್, ಅಂದರೆ ಸುಮಾರು 6,350 ಕಿಲೊ. ಅದರಲ್ಲಿ ಟ್ರೇಲರಿನ ಸ್ವಂತ ತೂಕವನ್ನೂ ಕಳೆಯಬೇಕು ಎಂಬುದು ಬಹಳ ಜನರಿಗೆ ಮನೆಗೆ ಬಂದ ಮೇಲೆ ಹೊಳೆಯುತ್ತದೆ. ನಾಲ್ಕೂ ಚಕ್ರಕ್ಕೆ ವಿದ್ಯುತ್ ಬ್ರೇಕು. ಕೊಂಡಿ ತಪ್ಪಿ ಟ್ರೇಲರ್ ಒಂಟಿಯಾಗಿ ಓಡಿದರೆ ತಾನೇ ಬ್ರೇಕ್ ಹಾಕಿಕೊಳ್ಳಲು ಪುಟ್ಟ ಬ್ಯಾಟರಿ. ಟೆಕ್ಸಾಸಿನಲ್ಲಿ ಒಟ್ಟು ತೂಕ 4,500 ಪೌಂಡ್ ಮೀರಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಹಳೆಯದರಲ್ಲೂ ಇತ್ತು, ಆದರೆ ಅದರ ಬ್ಯಾಟರಿ ಯಾವ ಗಣೇಶನ ಹಬ್ಬದಲ್ಲಿ ಸತ್ತಿತೋ ಗೊತ್ತಿಲ್ಲ.

ಬೆಲೆ ಏಳೆಂಟು ಸಾವಿರ ಡಾಲರ್. ಹೆಂಡತಿ ಕ್ಷಣದಲ್ಲಿ ಅದನ್ನು ರೂಪಾಯಿಗೆ ತಿರುಗಿಸಿದಳು, ಅದು ಬೆಲೆಯನ್ನು ಹೆಚ್ಚಿಸಲೆಂದೇ ಇರುವ ವಿದ್ಯೆ. ಹುಡುಗ ಸುಂಕದ ಕಡೆ ಬೆರಳು ತೋರಿಸಿದ. ಹೊರದೇಶದ ಉಕ್ಕಿನ ಮೇಲೆ ಅಮೆರಿಕ 2025ರ ಮಾರ್ಚಿನಲ್ಲಿ ಶೇ. 25ರಷ್ಟು, ಜೂನಿನಲ್ಲಿ ಶೇ. 50ರಷ್ಟು ಸುಂಕ ಹಾಕಿತ್ತು. ಹಾಗಾದರೆ ಮರದ ಹಲಗೆಯ ಮೇಲಾದರೂ ಬಿಡಿ ಎಂದಳು ಆಕೆ. ಹಲಗೆಯ ಮೇಲೆ ಬಿಡಲಿಲ್ಲ. ಬಿಡಿ ಚಕ್ರವೊಂದನ್ನು ಸುಮ್ಮನೆ ಕೊಟ್ಟರು. ಅಂಕೋಲೆಯ ಮೀನುಪೇಟೆಯಲ್ಲಿ ಪಳಗಿದವಳಿಗೆ ಅದು ಕಡಿಮೆಯೇ.

ಕಟ್ಟಿಕೊಂಡು ಹೊರಡುವಾಗ ಇನ್ನೊಂದು ತೊಡಕು. ಇವನ ಪಿಕಪ್ಪಿನ ಹಿಂದೆ ಟ್ರೇಲರ್ ಸಿಕ್ಕಿಸಲು ಇದ್ದದ್ದು ಎರಡು ಇಂಚಿನ ಗುಂಡು; ಹೊಸ ಟ್ರೇಲರಿನ ಬಾಯಿ 2-5/16 ಇಂಚಿನದು. ಕೂರಿಸಿದರೆ ಕೂತಂತೆಯೇ ಕಾಣುತ್ತದೆ, ಚಿಲಕವೂ ಬೀಳುತ್ತದೆ. ಮೊದಲ ಉಬ್ಬಿನಲ್ಲಿ ಹಾರಿ ಕಳಚಿಕೊಳ್ಳುತ್ತದೆ. ಹುಡುಗ ಬೆರಳಿನಿಂದ ಸಂದು ತೋರಿಸಿ ಹೊಸ ಗುಂಡು ಹಾಕಿಸಿದ. ಅಷ್ಟರಲ್ಲಿ ಅಂಕೋಲೆಯಿಂದ ಮಾವನ ವಿಡಿಯೊ ಕರೆ. ನ್ಯಾಯಾಲಯದ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಅಲ್ಲಿ ನಡುರಾತ್ರಿಯಾಗಿದ್ದರೂ ಲೈಸೆನ್ಸಿನ ಚಿಂತೆ ಅವರಿಗೆ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ, ಪೊಲೀಸರು ಹಿಡಿದರೆ ಅದನ್ನು ತೋರಿಸು ಎಂದರು. ಅಳಿಯ ಅಡ್ಡಿಲ್ಲ ಮಾವ ಎಂದ. ಟೆಕ್ಸಾಸ್ ಪೊಲೀಸರ ಮುಂದೆ ಭಾರತದ ತೀರ್ಪು ಓದುವ ಸಂದರ್ಭ ಪುಣ್ಯಕ್ಕೆ ಬರಲಿಲ್ಲ.

ಮನೆಗೆ ಬಂದ ಮೇಲೆ ಅಸಲಿ ಪರೀಕ್ಷೆ: ಹಿಮ್ಮುಖ.

ಟ್ರೇಲರನ್ನು ಹಿಂದಕ್ಕೆ ನಡೆಸುವಾಗ ಎಲ್ಲವೂ ತಿರುವುಮುರುವು. ಅದರ ಬಾಲ ಬಲಕ್ಕೆ ಹೋಗಬೇಕೆಂದರೆ ಸ್ಟೀರಿಂಗ್ ಎಡಕ್ಕೆ ತಿರುಗಬೇಕು. ಸ್ಟೀರಿಂಗಿನ ಕೆಳತುದಿ ಹಿಡಿದುಕೊಳ್ಳಿ, ಕೈ ಹೋದ ಕಡೆ ಟ್ರೇಲರ್ ಹೋಗುತ್ತದೆ ಎಂದು ಬಲ್ಲವರು ಹೇಳಿಕೊಡುತ್ತಾರೆ. ಆ ಉಪಾಯ ಒಂಟಿ ಚಾಲಕನಿಗೆ ಸರಿ. ಹಿಂದೆ ನಿಂತು ಹೆಂಡತಿ ಕೈ ಬೀಸುತ್ತಿದ್ದರೆ ಆಕೆಯ ಎಡ ಯಾವುದು, ತನ್ನ ಎಡ ಯಾವುದು, ಕನ್ನಡಿಯೊಳಗಿನ ಎಡ ಯಾವುದು ಎಂಬ ಮೂರು ಎಡಗಳ ನಡುವೆ ಗಂಡ ಸಿಕ್ಕಿಬೀಳುತ್ತಾನೆ. ‘ಈ ಕಡೆ ರೀ!’ ‘ಯಾವ ಕಡೆ?’ ‘ಅಯ್ಯೋ, ಈ ಕಡೆ!’ ಎಂಬ ಸಂಭಾಷಣೆಗೆ ಹಿಂದೊಮ್ಮೆ ಅಂಚೆ ಡಬ್ಬಿ ಬಲಿಯಾಗಿತ್ತು.

ಆಗ ಆ ಮನೆಯವರು ಕಂಡುಕೊಂಡ ಪದ್ಧತಿಯನ್ನು ಯಾರಾದರೂ ಪೇಟೆಂಟ್ ಮಾಡಿಸಬೇಕು. ಗೇಟಿನ ಬದಿಯ ಬೇಲಿ ಕಾರವಾರ. ಜೇನುಪೆಟ್ಟಿಗೆಗಳ ಬದಿ ಅಂಕೋಲಾ. ಯಾರು ಎತ್ತ ಮುಖ ಮಾಡಿ ನಿಂತರೂ ಊರುಗಳು ಜಾಗ ಬಿಟ್ಟು ಕದಲುವುದಿಲ್ಲ. ನೇರ ಬರಬೇಕಾದರೆ ನಡುದಾರಿಯ ಅಮದಳ್ಳಿ. ಕಾರವಾರದ ಕಡೆ ಕೊಂಚವೇ ಸರಿಯಬೇಕಾದರೆ ಬಿಣಗಾ, ಅಂಕೋಲೆಯ ಕಡೆ ಕೊಂಚವಾದರೆ ಅವರ್ಸಾ. ಹೊಸ ಟ್ರೇಲರಿನ ಮೊದಲ ಸಂಜೆ ಆಕೆ ಹಿತ್ತಲಲ್ಲಿ ನಿಂತು ಕೂಗಿದ್ದು ಹೀಗೆ: ‘ಅಂಕೋಲಾ, ಅಂಕೋಲಾ... ಸಾಕು! ಅವರ್ಸಾ. ಈಗ ಅಮದಳ್ಳಿ. ಅಮದಳ್ಳಿ ಬಿಡಬೇಡ್ರಿ! ಅಯ್ಯೋ ಬಿಣಗಾ ದಾಟಿದ್ರಿ!’ ಬೇಲಿಯಾಚೆಯ ಅಮೆರಿಕನ್ ಮುದುಕ ಇದು ಯಾವುದೋ ಮಂತ್ರವೆಂದು ಟೊಪ್ಪಿ ತೆಗೆದು ನಿಂತ.

ಉದ್ದನೆಯ ಟ್ರೇಲರ್ ಗಿಡ್ಡದಕ್ಕಿಂತ ನಿಧಾನವಾಗಿ ತಿರುಗುತ್ತದೆ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಹಳೆಯದರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿದ್ದ ಕಾರವಾರ ಹೊಸದರಲ್ಲಿ ತಡವಾಗಿ ಬರತೊಡಗಿತು. ಹೆಂಡತಿ ಇದನ್ನು ಒಳ್ಳೆಯ ಲಕ್ಷಣವೆಂದು ಪರಿಗಣಿಸಿದಳು.

ಪೂಜೆ ಆಯಿಯ ಖಾತೆ. ಪಿಕಪ್ಪಿನ ನಾಲ್ಕು, ಟ್ರೇಲರಿನ ನಾಲ್ಕು, ಒಟ್ಟು ಎಂಟು ಚಕ್ರಕ್ಕೆ ಎಂಟು ಲಿಂಬೆ. ಅಂಗಡಿಯ ಹಳದಿ ಲಿಂಬೆ ಮುಷ್ಟಿಗಾತ್ರದ್ದಾದ್ದರಿಂದ ಬೇಡವೆಂದು ಮೆಕ್ಸಿಕನ್ ಅಂಗಡಿಯ ಸಣ್ಣ ಹಸಿರು ಹಣ್ಣು ಬಂತು. ತೆಂಗಿನಕಾಯಿ ಒಡೆಯಲು ಕಲ್ಲು ಹುಡುಕಿದರೆ ಆರು ಎಕರೆಯಲ್ಲಿ ಒಂದು ಕಲ್ಲಿಲ್ಲ, ಅಷ್ಟೂ ಜೇಡಿಮಣ್ಣು. ಆಯಿಯ ಕಣ್ಣು ಹೊಸ ಉಕ್ಕಿನ ಗುಂಡಿನ ಮೇಲೆ ಬಿತ್ತು. ಒಂದೇ ಏಟಿಗೆ ಕಾಯಿ ಸಮಪಾಲಾಯಿತು. 2-5/16 ಇಂಚಿನ ಗುಂಡಿನ ಈ ಉಪಯೋಗ ಯಾವ ಕೈಪಿಡಿಯಲ್ಲೂ ಇಲ್ಲ.

ಹೊಸದರ ಮೊದಲ ಸವಾರಿ ಟ್ರ್ಯಾಕ್ಟರಿನದಲ್ಲ, ಗೆಳೆಯರೊಬ್ಬರ ಮನೆ ಬದಲಾವಣೆಯದು. ಗೆಳೆಯರು ಫ್ರಿಜ್ಜು, ಗ್ರೈಂಡರು, ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಇಳಿಸಲು ಸುಲಭವೆಂದು ಹಿಂಬದಿಗೇ ಪೇರಿಸಿದರು. ಭಾರದಲ್ಲಿ ಶೇಕಡಾ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರದಿದ್ದರೆ ಹೆದ್ದಾರಿಯ ವೇಗದಲ್ಲಿ ಬಾಲ ತುಯ್ಯಲು ಶುರುಮಾಡುತ್ತದೆ, ಗಾಡಿಯನ್ನೂ ಎಳೆದಾಡುತ್ತದೆ. ಯಜಮಾನ ಎಲ್ಲವನ್ನೂ ಇಳಿಸಿ ಮುಂದಕ್ಕೆ ಪೇರಿಸಿದ. ‘ತುಂಬಾ ನಾಜೂಕು ಮಾರಾಯ ನಿನ್ನದು’ ಎಂದು ಗೆಳೆಯರು ಬೇಸರಿಸಿದರು. ಅವರ ಪಾಲಿಗೆ ಅದು ಬಾಡಿಗೆ ಕೊಡದ ಗಾಡಿಯ ಸೇವಾ ಲೋಪ.

ಇನ್ನು ಹಳೆಯದು. ಮಾರಲೆಂದು ಫೇಸ್‌ಬುಕ್ಕಿಗೆ ಹಾಕಿದರೆ ‘ಇದೆಯಾ?’ ಎಂದು ಹತ್ತಾರು ಜನ ಕೇಳಿದರು. ಇದೆ ಎಂದ ಕೂಡಲೇ ಮಾಯವಾದರು. ಕಡೆಗೆ ಊರಿನ ಕನ್ನಡಿಗರ ಹಬ್ಬದ ಸಮಿತಿಯೇ ಕೊಳ್ಳಲು ಮುಂದಾಯಿತು. ಸಭೆ ಸೇರಿತು, ಚಹಾ ಎರಡು ಸಲ ಆಯಿತು, ಅರ್ಧ ದುಡ್ಡು ಈಗ, ಅರ್ಧ ಗಣೇಶನ ಹಬ್ಬದ ಸಂಗ್ರಹ ಬಂದ ಮೇಲೆ ಎಂದು ಠರಾವಾಯಿತು. ನಿಲ್ಲಿಸುವುದು ಎಲ್ಲಿ? ಸಮಿತಿಯವರ ಮನೆಗಳಿರುವ ಬಡಾವಣೆಗಳಲ್ಲಿ ರಸ್ತೆಗೆ ಕಾಣುವಂತೆ ಟ್ರೇಲರ್ ನಿಲ್ಲಿಸಿದರೆ ಮನೆಮಾಲೀಕರ ಸಂಘ ನೋಟಿಸು ಕಳಿಸುತ್ತದೆ. ಹಾಗಾಗಿ ಅದು ಈಗಿರುವ ಹಿತ್ತಲಲ್ಲೇ ಇರಲಿ. ಎಳೆಯುವುದು ಯಾರು? ಪಿಕಪ್ ಇದ್ದವನು ಅವನೊಬ್ಬನೇ.

ಚೆಕ್ ಕೊಟ್ಟು ಕೈ ಕುಲುಕಿದ ಖಜಾಂಚಿ ಹೊರಡುವ ಮುನ್ನ ಟಯರಿನ ಹತ್ತಿರ ಬಗ್ಗಿದರು. ‘ಹನ್ನೆರಡನೇ ಇಸವಿಯದ್ದು ಅಲ್ವಾ ಸಾರ್? ಸಮಿತಿಯ ಆಸ್ತಿ ಆದಮೇಲೆ ಜವಾಬ್ದಾರಿ ನೋಡಿ. ಕೊಡೋ ಮುಂಚೆ ನಾಲ್ಕೂ ಹೊಸದು ಹಾಕಿಸಿಬಿಡಿ.’

ಅಡುಗೆಮನೆಯ ಕಿಟಕಿಯಿಂದ ಆಯಿ ಸೊಸೆಗೆ ಹೇಳಿದರು: ‘ಆಯುಧಪೂಜೆಗೆ ಇನ್ನು ಲಿಂಬೆ ಹನ್ನೆರಡು ತರಬೇಕು.’