‘ಜೆನ್-ಎಕ್ಸ್ ಕಾಪ್ಸ್’ ನೋಡಿದವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಪ್ರೇಕ್ಷಕ ಬಂಧುಗಳೇ,

ಹಾಂಗ್‌ಕಾಂಗ್‌ನ ನಿರ್ದೇಶಕ ಬೆನ್ನಿ ಚಾನ್ 1999ರಲ್ಲಿ ಮಾಡಿದ ‘ಜೆನ್-ಎಕ್ಸ್ ಕಾಪ್ಸ್’ ಚಿತ್ರದ ಬಗ್ಗೆ ನೀವು ಆಡುವ ಮಾತುಗಳನ್ನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಅದು ತಲೆಬುಡವಿಲ್ಲದ ಸಿನಿಮಾ. ಫ್ಯಾಷನ್ ಹುಡುಗರು ಮೂವರು, ಒಬ್ಬ ಜಪಾನಿ ಖಳ, ಕೊನೆಗೊಂದು ಭಾರಿ ಸ್ಫೋಟ, ಇನ್ನೇನಿದೆ ಎನ್ನುತ್ತೀರಿ. ಉಳಿದವರಿಗೆ ಅದೇ ಹುಡುಗರು, ಅದೇ ಸ್ಫೋಟ ಪೈಸಾ ವಸೂಲ್. ಹೊಗಳುವವರೂ ತೆಗಳುವವರೂ ಮಾತಾಡುವುದು ಸ್ಟಂಟು ಮತ್ತು ಸ್ಟೈಲಿನ ಬಗ್ಗೆ ಮಾತ್ರ. ಆ ಹುಡುಗರನ್ನು ಅಲ್ಲಿಗೆ ಕಳಿಸಿದವರು ಯಾರು, ಯಾಕೆ ಕಳಿಸಿದರು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಅದಕ್ಕಾಗಿಯೇ ಈ ಪತ್ರ.

ಕತೆ ನಿಮಗೆ ನೆನಪಿರಬಹುದು. ಇನ್‌ಸ್ಪೆಕ್ಟರ್ ಚಾನ್‌ಗೆ ಇಲಾಖೆಯಲ್ಲಿ ಮರ್ಯಾದೆಯಿಲ್ಲ. ಸಹೋದ್ಯೋಗಿಗಳು ಅವನನ್ನು ಕಂಡರೆ ನಗುತ್ತಾರೆ. ಒಂದು ದೊಡ್ಡ ಗ್ಯಾಂಗಿನೊಳಕ್ಕೆ ಗುಟ್ಟಾಗಿ ಜನರನ್ನು ನುಗ್ಗಿಸಬೇಕು, ಮುಖ ನೋಡಿದ ಕೂಡಲೇ ಪೊಲೀಸ್ ಎಂದು ಗೊತ್ತಾಗುವವರು ಈ ಕೆಲಸಕ್ಕೆ ಆಗುವುದಿಲ್ಲ. ಹಾಗಾಗಿ ಶಿಸ್ತಿಲ್ಲವೆಂದು ಪೊಲೀಸ್ ತರಬೇತಿ ಶಾಲೆ ಹೊರದಬ್ಬಿದ ಜ್ಯಾಕ್, ಮ್ಯಾಚ್, ಏಲಿಯನ್ ಎಂಬ ಮೂವರನ್ನು ಅವನು ಆರಿಸಿಕೊಳ್ಳುತ್ತಾನೆ. ನಿಕೊಲಸ್ ತ್ಸೆ, ಸ್ಟೀಫನ್ ಫಂಗ್ ಮತ್ತು ಸ್ಯಾಮ್ ಲೀ ಈ ಪಾತ್ರಗಳಲ್ಲಿದ್ದಾರೆ. ಇನ್‌ಸ್ಪೆಕ್ಟರ್ ಆಗಿ ಎರಿಕ್ ತ್ಸಾಂಗ್.

‘ಲಾಜಿಕ್ ಇಲ್ಲ’ ಎನ್ನುವವರಿಗೆ ಮೊದಲು ಒಂದು ಮಾತು. ಆ ಹೊತ್ತಿನ ಹಾಂಗ್‌ಕಾಂಗನ್ನು ಒಮ್ಮೆ ನೆನೆದುಕೊಳ್ಳಿ. 1997ರ ಜುಲೈ 1ಕ್ಕೆ ನಗರ ಬ್ರಿಟನ್ನಿನ ಕೈಯಿಂದ ಚೀನಾದ ಕೈಗೆ ಹೋಯಿತು. ಅದರ ಬೆನ್ನಿಗೇ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು. ಚಿತ್ರರಂಗದ ಹಿರಿಯರು ಒಬ್ಬೊಬ್ಬರಾಗಿ ಹಾಲಿವುಡ್ ದಾರಿ ಹಿಡಿದಿದ್ದರು. ಜಾನ್ ವೂ ಆಗಲೇ ಹೋಗಿಯಾಗಿತ್ತು. 1998 ಒಂದೇ ವರ್ಷದಲ್ಲಿ ಜಾಕಿ ಚಾನ್ ‘ರಷ್ ಅವರ್’ನಲ್ಲಿ, ಜೆಟ್ ಲೀ ‘ಲೀಥಲ್ ವೆಪನ್ 4’ರಲ್ಲಿ, ಚೌ ಯುನ್-ಫ್ಯಾಟ್ ‘ದ ರಿಪ್ಲೇಸ್‌ಮೆಂಟ್ ಕಿಲ್ಲರ್ಸ್’ನಲ್ಲಿ ಕಾಣಿಸಿಕೊಂಡರು. ಇತ್ತ ಬೀದಿಬೀದಿಯಲ್ಲಿ ನಕಲಿ ವಿಸಿಡಿ ಮಾರಾಟವಾಗಿ ಥಿಯೇಟರುಗಳು ಬಣಗುಟ್ಟುತ್ತಿದ್ದವು. 1999ರ ಮಾರ್ಚ್‌ನಲ್ಲಿ ಸಿನಿಮಾದವರೇ ಅದರ ವಿರುದ್ಧ ಬೀದಿಗಿಳಿದರು.

ದೊಡ್ಡವರು ಬಿಟ್ಟುಹೋದ ಮನೆಯನ್ನು ಇಪ್ಪತ್ತರ ಆಸುಪಾಸಿನ ಹುಡುಗರ ಕೈಗೆ ಕೊಟ್ಟು ‘ಇನ್ನು ನೀವೇ ನಡೆಸಿ’ ಎಂದ ಗಳಿಗೆಯ ಸಿನಿಮಾ ಇದು. ಪರದೆಯ ಮೇಲಿನ ಹುಡುಗರ ಪಾಡೂ ಅದೇ. ಜಾಕಿ ಚಾನ್ ಮೀನುಗಾರನ ವೇಷದಲ್ಲಿ ಒಂದು ಗಳಿಗೆ ಬಂದು ಮಾಯವಾಗುತ್ತಾರಷ್ಟೆ, ಭಾರ ಹೊರುವವರು ಹೊಸಬರು. ಇನ್ನು ಆ ಸ್ಫೋಟದ ವಿಷಯ. ಸಿಡಿಯುವ ಕಟ್ಟಡ ವಿಕ್ಟೋರಿಯಾ ಬಂದರಿನ ದಡದ ಕನ್ವೆನ್ಷನ್ ಸೆಂಟರ್. ಚಿತ್ರ ಬರುವ ಎರಡು ವರ್ಷ ಮೊದಲು ಬ್ರಿಟಿಷ್ ಬಾವುಟ ಇಳಿದು ಚೀನಾದ ಬಾವುಟ ಏರಿದ್ದು ಅದರೊಳಗೇ. ಆ ಊರಿನವರು ಅದು ಪುಡಿಯಾಗುವುದನ್ನು ಕಂಡಾಗ ಅವರ ಎದೆಯಲ್ಲಿ ಬೇರೆಯದೇ ಏನೋ ಅಲುಗಿರಬೇಕು. ಅದನ್ನು ಬರೀ ಗ್ರಾಫಿಕ್ಸ್ ಎಂದು ಅಂಕ ಹಾಕಿ ಮುಗಿಸಬೇಡಿ.

ಈಗ ‘ಸೂಪರ್ ಮಜಾ’ ಎನ್ನುವವರಿಗೆ. ಮಜಾ ಇದೆ, ನಾನೂ ಒಪ್ಪುತ್ತೇನೆ. ಆದರೆ ಇಲಾಖೆ ಬೇಡವೆಂದ ಹುಡುಗರನ್ನೇ ಅದೇ ಇಲಾಖೆ ಅತ್ಯಂತ ಅಪಾಯದ ಜಾಗಕ್ಕೆ ಕಳಿಸುತ್ತದೆ. ಸಿಕ್ಕಿಬಿದ್ದರೆ ನಮ್ಮವರೆಂದು ಹೇಳಿಕೊಳ್ಳಬೇಕಾದ ಹಂಗೂ ಅದಕ್ಕಿಲ್ಲ. ಒಗ್ಗರಣೆಗೆ ಬೇಕು, ಊಟಕ್ಕೆ ಕೂತಾಗ ಎಲೆಯ ಬದಿಗೆ ಎತ್ತಿಡಬೇಕು ಎಂಬ ಕರಿಬೇವಿನ ಬಾಳು ಅವರದು. ಇದನ್ನು ಬಲ್ಲವನು ಇನ್‌ಸ್ಪೆಕ್ಟರ್ ಚಾನ್ ಒಬ್ಬನೇ, ಏಕೆಂದರೆ ಅವನೂ ಬದಿಗೆ ಸರಿಸಲ್ಪಟ್ಟವನೇ. ಎರಿಕ್ ತ್ಸಾಂಗ್ ಆ ಪಾತ್ರಕ್ಕೆ ತಂದ ಅಳುಕು ಮತ್ತು ಅಕ್ಕರೆ ಈ ಚಿತ್ರದ ಜೀವ. ಹುಡುಗರ ಜಿಗಿತಗಳನ್ನು ಎಣಿಸುವ ನೀವು ಅವರನ್ನು ನೋಡುತ್ತ ನಿಂತ ಈ ಮನುಷ್ಯನ ಬಗ್ಗೆ ಒಂದು ಸಾಲನ್ನೂ ಹೇಳುವುದಿಲ್ಲವಲ್ಲ, ಅದು ನನಗೆ ನೋವು ತರುತ್ತದೆ.

ಚಿತ್ರದ ಕೊರತೆಯನ್ನು ಮುಚ್ಚಿಡಲಾರೆ. ಹುಡುಗರನ್ನು ಕಳಿಸಿದವರ ಹೊಣೆಯ ಪ್ರಶ್ನೆಯನ್ನು ಎತ್ತಿದ್ದೂ ಅದೇ, ದ್ವಿತೀಯಾರ್ಧದ ಗದ್ದಲದಲ್ಲಿ ಕೈಬಿಟ್ಟದ್ದೂ ಅದೇ. ವೈಟುಕೆ ಎಂಬ ಹುಡುಗಿಯನ್ನು ತಂಡಕ್ಕೆ ಸೇರಿಸಿಕೊಂಡು, ಅವಳಿಗೆ ಮಾಡಲು ಸರಿಯಾದ ಕೆಲಸವನ್ನೇ ಕೊಡಲಿಲ್ಲ. ಗ್ರೇಸ್ ಯಿಪ್ ಅಭಿನಯಿಸಿದ ಆ ಪಾತ್ರಕ್ಕೆ ನ್ಯಾಯ ಸಿಗಲಿಲ್ಲವೆಂದು ಹೇಳಲು ನೀವು ಅಭಿಮಾನಿಗಳಾಗಿದ್ದರೂ ಹಿಂಜರಿಯಬಾರದು.

ಕಳಿಸಿದವರ ಹೊಣೆಯ ಈ ಪ್ರಶ್ನೆಯನ್ನು ಹಾಂಗ್‌ಕಾಂಗ್ ಸಿನಿಮಾ ಮೊದಲಿನಿಂದಲೂ ಬಲ್ಲದು. ರಿಂಗೋ ಲ್ಯಾಮ್ ಅವರ ‘ಸಿಟಿ ಆನ್ ಫೈರ್’ 1987ರಲ್ಲೇ ಅಂಡರ್‌ಕವರ್ ಪೊಲೀಸನೊಬ್ಬನ ಹರಿದುಹೋದ ಮನಸ್ಸನ್ನು ತೋರಿಸಿತ್ತು. 2002ರ ‘ಇನ್‌ಫರ್ನಲ್ ಅಫೇರ್ಸ್’ ಅದನ್ನು ಕೊನೆಯವರೆಗೂ ಬೆನ್ನಟ್ಟಿತು. ತರಬೇತಿ ಶಾಲೆಯಿಂದಲೇ ಎತ್ತಿಕೊಂಡ ಹುಡುಗ ವರ್ಷಗಟ್ಟಲೆ ರೌಡಿಯಾಗಿ ಬದುಕುತ್ತಾನೆ. ಅವನನ್ನು ಕಳಿಸಿದ ಮೇಲಧಿಕಾರಿ ಸತ್ತ ದಿನ, ಅವನು ಪೊಲೀಸ್ ಎಂದು ಸಾಕ್ಷಿ ಹೇಳುವವರೇ ಇರುವುದಿಲ್ಲ. ಆ ಚಿತ್ರದಲ್ಲಿ ಪೊಲೀಸ್ ಇಲಾಖೆಯೊಳಕ್ಕೆ ತನ್ನ ಹುಡುಗರನ್ನು ನುಗ್ಗಿಸುವ ಗ್ಯಾಂಗಿನ ದೊರೆ ಯಾರು ಗೊತ್ತೇ? ಇದೇ ಎರಿಕ್ ತ್ಸಾಂಗ್. ಮೂರೇ ವರ್ಷದ ಅಂತರದಲ್ಲಿ ಅವರು ಎರಡೂ ಕಡೆ ನಿಂತು ಹುಡುಗರನ್ನು ಕಳಿಸಿದರು. ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿ, ಕಾನೂನಿನವರೂ ಕಳ್ಳರೂ ಎಳೆಯರನ್ನು ಬಳಸುವ ರೀತಿ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಕನ್ನಡಿಗರಾದ ನಮಗೂ ಈ ಕತೆ ಹೊಸದಲ್ಲ. ತೆಲುಗಿನ ‘ಪೋಕಿರಿ’ 2010ರಲ್ಲಿ ದರ್ಶನ್ ನಾಯಕರಾಗಿ ‘ಪೊರ್ಕಿ’ ಎಂದು ಕನ್ನಡಕ್ಕೆ ಬಂತು. ರೌಡಿಯಂತೆ ಕಂಡವನು ಪೊಲೀಸ್ ಅಧಿಕಾರಿ ಎಂದು ಕೊನೆಗೆ ತಿಳಿದಾಗ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಆ ಒಂದು ಕ್ಷಣದಲ್ಲಿ ಮಾಫಿ ಆಗಿಬಿಡುತ್ತದೆ. ಖಾಕಿ ತೊಟ್ಟ ಮಾತ್ರಕ್ಕೆ ಕೈಗೆ ಹತ್ತಿದ ರಕ್ತ ತೊಳೆದುಹೋಗುತ್ತದೆಯೇ? ಶಿಳ್ಳೆ ಹೊಡೆಯುವ ಸುಖವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಶಿಳ್ಳೆ ಮುಗಿದ ಮೇಲಾದರೂ ಈ ಪ್ರಶ್ನೆ ಬರಲಿ.

‘ಜೆನ್-ಎಕ್ಸ್ ಕಾಪ್ಸ್’ ಮಾಡಿದ ಬೆನ್ನಿ ಚಾನ್ 2020ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಕೊನೆಯ ಚಿತ್ರ ‘ರೇಜಿಂಗ್ ಫೈರ್’ ಮರುವರ್ಷ ತೆರೆಕಂಡಿತು. ಅದರಲ್ಲಿ ಇಲಾಖೆ ಕೈಬಿಟ್ಟ ಪೊಲೀಸನೊಬ್ಬ ಸೇಡಿಗೆ ಮರಳುತ್ತಾನೆ, ಆ ಪಾತ್ರ ಮಾಡಿದ್ದು ಹಳೆಯ ಜ್ಯಾಕ್, ಅದೇ ನಿಕೊಲಸ್ ತ್ಸೆ. 1999ರಲ್ಲಿ ಅರ್ಧಕ್ಕೆ ಬಿಟ್ಟ ಮಾತನ್ನು ಆ ನಿರ್ದೇಶಕರು ಮರೆತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಇನ್ನು ಮುಂದೆ ಇಂಥ ಸಿನಿಮಾ ನೋಡಿ ಅಭಿಪ್ರಾಯ ಹೇಳುವಾಗ ಫೈಟು ಹೇಗಿತ್ತು, ಹೀರೋ ಹೇಗಿದ್ದ ಎಂಬುದರ ಜೊತೆಗೆ ಇವನ್ನೂ ಹೇಳಿ: ಈ ಹುಡುಗನನ್ನು ಕಳಿಸಿದವರು ಯಾರು, ಅವನು ಸಿಕ್ಕಿಬಿದ್ದರೆ ಹೊಣೆ ಯಾರದು, ಕೆಲಸ ಮುಗಿದ ಮೇಲೆ ಅವನ ಕೈಯಲ್ಲಿ ಉಳಿದದ್ದೇನು. ಪ್ರೇಕ್ಷಕರು ಕೇಳತೊಡಗಿದರೆ ಸಿನಿಮಾ ಮಾಡುವವರೂ ಉತ್ತರ ಹುಡುಕಲೇಬೇಕಾಗುತ್ತದೆ.

ಇಂತಿ,
ನಿಮ್ಮ ಸಾಲಿನಲ್ಲೇ ಕೂತು ಸಿನಿಮಾ ನೋಡುವವನು