ಕಡ್ಡಿಗೆಷ್ಟು, ಕಥೆಗೆಷ್ಟು?

ಭೀಮಸಮುದ್ರದ ಮಾರುಕಟ್ಟೆಯಲ್ಲಿ ಅಡಿಕೆಗೆ ಅಪಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ದರ್ಜೆಗಳಿವೆ. ಒಂದೊಂದಕ್ಕೂ ಒಂದೊಂದು ರೇಟು. ಇವತ್ತು ರಾಶಿ ಎಷ್ಟಕ್ಕೆ ಹೋಯಿತು ಅನ್ನುವುದು ಸಂಜೆ ಹೊತ್ತಿಗೆ ಹೊಳಲ್ಕೆರೆಯ ಹೋಟೆಲಿನಲ್ಲಿ ಲೋಟ ಎತ್ತುವ ಹುಡುಗನಿಗೂ ಗೊತ್ತು. ಅದೇ ಅಡಿಕೆ ಮರಕ್ಕೆ ಹಬ್ಬಿಸುವ ಕಾಳುಮೆಣಸಿನ ಸಸಿಗೆ ಮಾತ್ರ ದರ್ಜೆಯಿಲ್ಲ, ಹರಾಜಿಲ್ಲ, ಟೆಂಡರಿಲ್ಲ. ಅದರ ರೇಟು ಬರೆದಿರುವುದು ಕೊಳ್ಳಲು ಬಂದವನ ಮುಖದ ಮೇಲೆ.

ಬೀಗರ ಕಡೆಯವರಾದರೆ ಪುಕ್ಕಟೆ, ಮೇಲೊಂದು ಕಾಫಿ. ಒಂದೇ ಇಲಾಖೆಯಲ್ಲಿ ಕೆಲಸ ಮಾಡಿದವರಾದರೆ 15 ರೂಪಾಯಿ. ಟಿವಿಎಸ್‌ನಲ್ಲಿ ಬಂದರೆ 25. ಕೆಎ 16 ಅಲ್ಲದ ಕಾರು ಗೇಟಿನ ಮುಂದೆ ನಿಂತರೆ 60. ಅದರಿಂದ ಇಳಿದವರು ಬಳ್ಳಿ ನೋಡಿ ‘ವಾವ್’ ಅಂದುಬಿಟ್ಟರೆ 80. ಗಿಡ ಮಾತ್ರ ಒಂದೇ ಸಾಲಿನದು, ಒಂದೇ ದಿನ ಕವರಿಗೆ ಹಾಕಿದ್ದು.

ಲಕ್ಷಗಟ್ಟಲೆ ಸಸಿ ಮಾಡುವ ನರ್ಸರಿಗಳ ಮಾತಲ್ಲ ಇದು. ಹವ್ಯಾಸಿಗಳ ಮಾತು. ರಿಟೈರಾದ ಮೇಷ್ಟ್ರು, ಬ್ಯಾಂಕ್ ಮ್ಯಾನೇಜರು, ಮೂವತ್ತು ಅಡಿಕೆ ಮರವನ್ನೇ ‘ನಮ್ಮ ಎಸ್ಟೇಟು’ ಅನ್ನುವ ವಕೀಲರು, ಚಿತ್ರದುರ್ಗದ ಜೆಸಿಆರ್ ಬಡಾವಣೆಯ ತಾರಸಿ ಮೇಲೆ ಕುಂಡ ಜೋಡಿಸಿದ ಅಮ್ಮಂದಿರು. ಕಾಳುಮೆಣಸಿಗೆ 2000 ಮಿ.ಮೀ. ಮಳೆ ಇದ್ದರೆ ಚೆನ್ನ ಅಂತ ಪುಸ್ತಕಗಳು ಹೇಳುತ್ತವೆ. 600ರ ಆಸುಪಾಸಿನಲ್ಲಿ ಏಗುವ ನಾವು ಪುಸ್ತಕ ಮುಚ್ಚಿಟ್ಟು ಡ್ರಿಪ್ ಎಳೆದೆವು. 1933ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿದ್ದಿದ್ದೇ ತಡ, ಹಿರಿಯೂರಿನವರ ಧೈರ್ಯವೂ ಕೋಡಿ ಬಿತ್ತು. ಮಲೆನಾಡಿನವರು ನಗಲಿ. ಬಳ್ಳಿ ಬರುತ್ತಿದೆ, ಕಾಳೂ ಬಿಡುತ್ತಿದೆ. ತಕರಾರು ಇರುವುದು ಸಸಿಯ ದುಡ್ಡು ಎಣಿಸುವ ಹೊತ್ತಿನಲ್ಲಿ.

ಹೊಸದುರ್ಗದ ಕಡೆ ನಾನೇ ಕಂಡ ಒಂದು ವ್ಯಾಪಾರ ಹೇಳುತ್ತೇನೆ. ಮಾರುವವರು ಮೇಷ್ಟ್ರು, ಕೊಳ್ಳುವವರು ನಿವೃತ್ತ ಮ್ಯಾನೇಜರು.

“ಏನ್ ಮೇಷ್ಟ್ರೇ, ಒಂದು ಗೇಣುದ್ದ ಬಳ್ಳಿಗೆ ಮೂವತ್ತು ರೂಪಾಯಾ?”

“ಮೂರು ತಿಂಗಳು ಸಾಕಿದೀನಿ ಸಾರ್.”

“ಅದೇನು ಹಸುವೇ ಸಾಕೋಕೆ? ಮಣ್ಣಿಗೆ ಚುಚ್ಚಿದ್ರೆ ಬರುತ್ತೆ.”

“ನಿಮ್ಮ ಬ್ಯಾಂಕಲ್ಲಿ ಬೆಳೆಸಾಲಕ್ಕೆ ಒಂದು ಸಹಿ ಬೇಕಿತ್ತು ಸಾರ್. ಅದಕ್ಕೂ ಮೂರು ತಿಂಗಳೇ ಹಿಡಿದಿದ್ದು.”

ಮ್ಯಾನೇಜರು ಕೆಮ್ಮಿ, ಹತ್ತು ಗಿಡ ಆರಿಸಿ, ಮುನ್ನೂರು ಕೊಟ್ಟು, “ಕೊಸರು?” ಅಂದರು. ಮೇಷ್ಟ್ರು ಎರಡು ಗಿಡ ಎತ್ತಿಕೊಟ್ಟರು. ಮೂವತ್ತರ ಗಿಡ ಇಪ್ಪತ್ತೈದಕ್ಕೆ ಇಳಿಯಿತು. ಇಬ್ಬರ ಮುಖದಲ್ಲೂ ಗೆದ್ದ ಕಳೆ.

‘ಮಣ್ಣಿಗೆ ಚುಚ್ಚಿದ್ರೆ ಬರುತ್ತೆ’ ಅನ್ನುವುದು ನಮ್ಮ ಜಿಲ್ಲೆಯ ಅಧಿಕೃತ ಕೃಷಿ ವಿಜ್ಞಾನ. ಚುಚ್ಚಿ ನೋಡಿ. ತಾಯಿ ಬಳ್ಳಿಯ ಬುಡದಿಂದ ಹೊರಟ ಹಂಬನ್ನು ನೆಲಕ್ಕೆ ಬೇರು ಬಿಡಗೊಡದೆ ಸುರುಳಿ ಸುತ್ತಿ ಗೂಟಕ್ಕೆ ಕಟ್ಟಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಎರಡು ಮೂರು ಗೆಣ್ಣಿಗೊಂದರಂತೆ ಕತ್ತರಿಸಬೇಕು. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಕವರು ತುಂಬಬೇಕು (ಮರಳು ಎಲ್ಲಿಂದ ತಂದಿರಿ ಅಂತ ವೇದಾವತಿಯ ದಂಡೆಯಲ್ಲಿ ಯಾರನ್ನೂ ಕೇಳಬಾರದು, ಅದು ಶಿಷ್ಟಾಚಾರ). ಆಮೇಲೆ ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ನೆರಳುಬಲೆ ಕಟ್ಟಿ, ದಿನಾ ನೀರು ಚಿಮುಕಿಸಬೇಕು. ಇಷ್ಟು ಮಾಡಿದರೂ ನೂರಕ್ಕೆ ನೂರು ಕಡ್ಡಿ ಚಿಗುರುವುದಿಲ್ಲ. ಸತ್ತ ಕಡ್ಡಿಯ ಕವರು, ಗೊಬ್ಬರ, ನೀರಿನ ಲೆಕ್ಕವನ್ನು ಬದುಕಿದ ಕಡ್ಡಿಯೇ ಹೊರಬೇಕು. ಕೊಳ್ಳುವವನ ಕಣ್ಣಿಗೆ ಬೀಳುವುದು ಬದುಕಿದ್ದು ಮಾತ್ರ.

ಇದೇ ಮ್ಯಾನೇಜರು ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿಮೇಳಕ್ಕೆ ಹೋಗುತ್ತಾರೆ. ಬಣ್ಣದ ಕುಂಡದಲ್ಲಿ ನಿಲ್ಲಿಸಿದ ಪೊದೆ ಮೆಣಸಿಗೆ 250 ರೂಪಾಯಿ ಕೊಡುತ್ತಾರೆ. ಅಲ್ಲಿ ಕೊಸರು ಕೇಳುವುದಿಲ್ಲ. ಕ್ಯೂಆರ್ ಕೋಡ್ ಜೊತೆ ಚೌಕಾಸಿ ಮಾಡುವುದು ಹೇಗೆಂದು ನಮಗಿನ್ನೂ ಯಾರೂ ಕಲಿಸಿಕೊಟ್ಟಿಲ್ಲ.

ಪೊದೆ ಮೆಣಸಿಗೆ ಹೆಚ್ಚು ಬೆಲೆ ಇರುವುದು ತಪ್ಪಲ್ಲ. ಕಾಳು ಕಟ್ಟುವ ಪಕ್ಕದ ರೆಂಬೆಯನ್ನು ಕತ್ತರಿಸಿ ಬೇರು ಬರಿಸಿದರೆ ಮಾತ್ರ ಅದು ಪೊದೆಯಾಗಿ ಕೂರುತ್ತದೆ. ಹಂಬಿನ ಕಡ್ಡಿಯಷ್ಟು ಸಲೀಸಾಗಿ ಆ ರೆಂಬೆ ಬೇರು ಬಿಡುವುದಿಲ್ಲ, ಹಾಗಾಗಿ ದುಬಾರಿ. ನ್ಯಾಯವೇ. ಅನ್ಯಾಯ ಶುರುವಾಗುವುದು ಹಂಬಿನ ಕಡ್ಡಿಯನ್ನೇ ಕುಂಡಕ್ಕೆ ಚುಚ್ಚಿ ‘ಪೊದೆ’ ಅಂತ ಹೆಸರಿಟ್ಟಾಗ. ಜೆಸಿಆರ್ ಬಡಾವಣೆಯ ಒಬ್ಬ ಅಮ್ಮ ಹಾಗೆ ತಂದ ಗಿಡ ಆರು ತಿಂಗಳು ಸುಮ್ಮನಿದ್ದು, ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ತಂತಿ ಹಿಡಿದು ಪಕ್ಕದ ಮನೆಗೆ ಹೊರಟಿತು. ಮಾರಿದವರಿಗೆ ಫೋನ್ ಮಾಡಿದರೆ, “ನಿಮ್ಮ ಕೈಗುಣ ಚೆನ್ನಾಗಿದೆ ಮೇಡಂ, ಎಷ್ಟು ಎತ್ತರ ಬೆಳೆಸಿದ್ದೀರಿ!”

ಇನ್ನು ತಳಿಯ ಹೆಸರು. ಕೇರಳದ ಪನ್ನಿಯೂರು ಕೇಂದ್ರದಿಂದ ಪನ್ನಿಯೂರು-1 ಹೊರಬಂದದ್ದು 1971ರಲ್ಲಿ. ನಮ್ಮ ಜಿಲ್ಲೆಯಲ್ಲಿ ಈಗ ಬೇಲಿ ಮೇಲೆ ಹಬ್ಬಿದ ವೀಳ್ಯದೆಲೆಯೊಂದನ್ನು ಬಿಟ್ಟು ಉಳಿದ ಬಳ್ಳಿಗಳೆಲ್ಲ ಪನ್ನಿಯೂರೇ. ನಂಬರು ದೊಡ್ಡದಾದಷ್ಟೂ ರೇಟು ದೊಡ್ಡದು: ಒಂದಕ್ಕೆ 25, ಐದಕ್ಕೆ 35, ಎಂಟಕ್ಕೆ 50. ನಂಬರು ಪರೀಕ್ಷೆಯ ಅಂಕ ಅಂದುಕೊಂಡವರೇ ಹೆಚ್ಚು. ಪನ್ನಿಯೂರು-1ಕ್ಕೆ ಬೆಳಕು ಬೇಕು, ದಟ್ಟ ನೆರಳಲ್ಲಿ ಕಾಳು ಕಟ್ಟುವುದು ಕಡಿಮೆ. ಪನ್ನಿಯೂರು-5 ನೆರಳು ತಡೆಯುತ್ತದೆ, ಅಡಿಕೆ ತೋಟಕ್ಕೆ ಒಗ್ಗುತ್ತದೆ. ಐಐಎಸ್‌ಆರ್ ತೇವಂ ಸೊರಗು ರೋಗವನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ನಿಮ್ಮ ತೋಟದಲ್ಲಿ ಬಿಸಿಲೆಷ್ಟು, ನೆರಳೆಷ್ಟು ಅಂತ ಮಾರುವವನು ಕೇಳುವುದಿಲ್ಲ, ನೀವು ಹೇಳುವುದಿಲ್ಲ. ನಂಬರು ಕೇಳಿ, ನೋಟು ಕೊಟ್ಟು, ಗಿಡ ಹೇರಿಕೊಂಡು ಬಂದರೆ ಕೃಷಿ ಮುಗಿಯಿತು. ಬೀಜ ಬಿದ್ದು ಹುಟ್ಟಿದ ಸಸಿಯನ್ನು ಕವರಿಗೆ ಹಾಕಿ ನಂಬರು ಬರೆಯುವ ಪ್ರತಿಭಾವಂತರೂ ನಮ್ಮಲ್ಲಿದ್ದಾರೆ. ಬೀಜದ ಸಸಿ ತಾಯಿಯನ್ನು ಹೋಲುತ್ತದೆಂಬ ಖಾತ್ರಿಯಿಲ್ಲ, ಫಲಕ್ಕೂ ತಡ. ಗೊತ್ತಾಗುವ ಹೊತ್ತಿಗೆ ಮಾರಿದವರ ಮೊಬೈಲ್ ನಂಬರು ಬದಲಾಗಿರುತ್ತದೆ.

ಇಲ್ಲಿ ಕಾನೂನು ಪಾಪ ನಮ್ಮ ಪರವಾಗಿಯೇ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ, ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು ಅನ್ನುತ್ತದೆ. ಬ್ರ್ಯಾಂಡ್ ಹಾಕಿ ಮಾರಬಾರದು, ಅಷ್ಟೇ. ನಮ್ಮ ಹವ್ಯಾಸಿಗಳು ಇದನ್ನು ತಿರುಗಿಸಿ ಓದಿಕೊಂಡಿದ್ದಾರೆ. ಮಾರುವುದು ಬ್ರ್ಯಾಂಡನ್ನು, ಗಿಡ ಕೊಸರಿಗೆ.

ಬೆಲೆಯ ಇನ್ನೊಂದು ತಮಾಷೆ ಕಾಳಿನ ಬೆನ್ನು ಹತ್ತುವುದು. 2015ರಲ್ಲಿ ಕಾಳುಮೆಣಸು ಕೆ.ಜಿ.ಗೆ 650 ದಾಟಿದಾಗ ಸಸಿಗೆ ಕ್ಯೂ. ಆಮೇಲೆ ಅಗ್ಗದ ಆಮದು ನುಗ್ಗಿ ದರ ಕುಸಿಯಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ದರ ಕಟ್ಟಿದರೂ 2019-20ರ ಹೊತ್ತಿಗೆ ನಮ್ಮ ಕಾಳು 350ರ ಕೆಳಗಿತ್ತು. ಆಗ ಸಸಿ ಸುಮ್ಮನೆ ಕೊಡುತ್ತೇವೆಂದರೂ “ಎಲ್ಲಿ ಇಡೋಣ ಸಾರ್” ಅಂದವರೇ. 2024ರಲ್ಲಿ ಕಾಳು 600 ದಾಟಿತು, ಸಸಿಯೂ ಗತ್ತಿನಿಂದ ತಲೆ ಎತ್ತಿತು. ಇವತ್ತು ನೆಟ್ಟ ಬಳ್ಳಿ ಕಾಳು ಬಿಡಲು ಮೂರು ವರ್ಷ ಬೇಕು. ಕಾಳಿನ ರೇಟು ನೋಡಿ ಸಸಿಗೆ ರೇಟು ಕಟ್ಟುವವನು ಮೂರು ವರ್ಷದಾಚೆಯ ವಿಯೆಟ್ನಾಂ ಫಸಲನ್ನು ಇವತ್ತೇ ಕಂಡವನಾಗಿರಬೇಕು. ಸಸಿಯ ಖರ್ಚಿಗೂ ಕಾಳಿನ ದರಕ್ಕೂ ಸಂಬಂಧವೇ ಇಲ್ಲ. ಕಾಳು 700 ಆದರೂ ಕವರಿನ ಬೆಲೆ ಅಷ್ಟೇ.

ಕೊಳ್ಳುವವರ ಪಕ್ಷದಲ್ಲಿ ಶೂನ್ಯ ದರದ ಒಂದು ಪಂಥವೇ ಇದೆ. ‘ಕದ್ದು ತಂದ ಗಿಡ ಚೆನ್ನಾಗಿ ಬರುತ್ತೆ’ ಅನ್ನುವುದು ಅವರ ವೇದವಾಕ್ಯ. ಸಾಕ್ಷಾತ್ ಧರ್ಮರಾಯನಂಥವರು, ದೇವಸ್ಥಾನದ ಹುಂಡಿ ಎಣಿಸಲು ಕೂರಿಸಿದರೆ ಒಂದು ರೂಪಾಯಿ ಆಚೀಚೆ ಆಗಗೊಡದವರು, ನಿಮ್ಮ ತೋಟ ನೋಡಲು ಬಂದರೆ ಜುಬ್ಬದ ಜೇಬಿನಲ್ಲಿ ಬ್ಲೇಡ್ ಇರುತ್ತದೆ. ಅವರು ಕತ್ತರಿಸುವುದು ಮೇಲಿನಿಂದ ಜೋತುಬಿದ್ದ ಎಳೆಗಳನ್ನು. ಕೈಗೆ ಎಟುಕುವುದು ಅದೇ. ಅದರಿಂದ ಒಳ್ಳೆಯ ಫಸಲು ಬರುವುದಿಲ್ಲ. ನಾನು ಯಾರಿಗೂ ಇದನ್ನು ಹೇಳಿಕೊಟ್ಟಿಲ್ಲ.

ಇನ್ನೊಂದು ಪಂಥ ‘ಹತ್ತು ರೂಪಾಯಿಗೆ ಎಲ್ಲಿ ಸಿಗುತ್ತೆ’ ಅನ್ನುವವರದು. ಹಾಲುರಾಮೇಶ್ವರದ ಗಂಗೆಯ ಮುಂದೆ ಕೈಯೊಡ್ಡಿದ ಭಕ್ತರ ಹಾಗೆ ಇವರು ಹತ್ತರ ಸಸಿ ತೇಲಿ ಬರಲಿ ಅಂತ ಕಾಯುತ್ತಾರೆ. ತೇಲಿಯೂ ಬರುತ್ತದೆ, ಜೊತೆಗೆ ಬೇರಲ್ಲಿ ಜಂತುಹುಳುವಿನ ಗಂಟು, ಮಣ್ಣಲ್ಲಿ ಫೈಟಾಫ್ತೊರಾ ರೋಗಾಣು. ಮೊದಲ ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ, ಬುಡದಲ್ಲಿ ಕೊಳೆ. ಆಮೇಲೆ ವಾರಗಳಲ್ಲೇ ಬಳ್ಳಿ ಸೊರಗಿ, ರೋಗ ಪಕ್ಕದ ಮರದ ಒಳ್ಳೆಯ ಬಳ್ಳಿಗೂ ದಾಟುತ್ತದೆ. ಉಳಿಸಿದ್ದು ಗಿಡಕ್ಕೆ 20 ರೂಪಾಯಿ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ಸಿಂಪಡಿಸುವವನ ಕೂಲಿ ಬೇರೆ ಲೆಕ್ಕ.

ಸತ್ತ ಗಿಡದ ವಾರಸುದಾರಿಕೆಯೂ ಇತ್ಯರ್ಥವಾಗಿಲ್ಲ. ಮೂರು ವಾರ ನೀರು ಕಾಣದೆ ಒಣಗಿದ ಸಸಿಯ ಫೋಟೊ ಕಳಿಸಿ, “ಸಾರ್, ನಿಮ್ಮ ಗಿಡ ಸತ್ತೋಯ್ತು” ಅನ್ನುತ್ತಾರೆ. ದುಡ್ಡು ಕೊಟ್ಟಾಗ ಅವರ ಗಿಡ, ಚಿಗುರಿದಾಗ ಅವರ ಕೈಗುಣ, ಸತ್ತಾಗ ನನ್ನ ಗಿಡ.

ಹಾಗಾದರೆ ನ್ಯಾಯವಾದ ರೇಟು ಎಷ್ಟು? 30 ಆದರೂ ಸರಿ, 40 ಆದರೂ ಸರಿ. ಬಾಯಿ ಬಿಟ್ಟು ಹೇಳಿದ್ದಾಗಿರಬೇಕು. ತಾಯಿ ಬಳ್ಳಿ ತೋರಿಸಬೇಕು. ಕಡ್ಡಿ ಹಾಕಿದ ದಿನ ಹೇಳಬೇಕು. ತಳಿ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಆದರೆ ಕಾಯುತ್ತದೆ’ ಅಂದರೆ ಸಾಕು, ಆ ಮಾತಿಗೆ ಐದು ರೂಪಾಯಿ ಜಾಸ್ತಿ ಕೊಡಬಹುದು. ಕಾರಿಗೂ ಟಿವಿಎಸ್‌ಗೂ ಒಂದೇ ದರ ಇರಬೇಕು. ಕೊಳ್ಳುವವರು ಕವರು ತಿರುಗಿಸಿ ಬೇರು ನೋಡಬೇಕು: ಬೆಳ್ಳಗಿದ್ದರೆ ತಕರಾರಿಲ್ಲದೆ ದುಡ್ಡು ಕೊಡಿ, ಗಂಟುಗಂಟಾಗಿದ್ದರೆ ಪುಕ್ಕಟೆ ಕೊಟ್ಟರೂ ಬಿಟ್ಟು ಬನ್ನಿ. ಎಲೆಯ ಮೇಲೆ ಅನುಮಾನವಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಚೌಕಾಸಿ ಮಾಡಲೇಬೇಕೆಂಬ ತುರಿಕೆ ಇದ್ದರೆ ಚಿನ್ನದಂಗಡಿಯಲ್ಲಿ ವೇಸ್ಟೇಜಿನ ಮೇಲೆ ಮಾಡಿ ನೋಡಿ. ಅಲ್ಲಿ ನಿಮ್ಮ ನಾಲಗೆ ಎಷ್ಟು ಉದ್ದ ಇದೆ ಅಂತ ನಾವೂ ನೋಡುತ್ತೇವೆ.

ಅಂದ ಹಾಗೆ, ನನ್ನ ಹಿತ್ತಲಲ್ಲಿ ಮೇ ಕೊನೆಗೆ ಸಸಿ ಸಿದ್ಧವಾಗುತ್ತದೆ. ಪನ್ನಿಯೂರು-5, ತಾಯಿ ಬಳ್ಳಿ ಅಲ್ಲೇ ಇದೆ, ಬಂದು ನೋಡಬಹುದು. ಗಿಡಕ್ಕೆ 30 ರೂಪಾಯಿ. ಬ್ಲೇಡ್ ತರಬೇಡಿ. ಕೊಸರಿಲ್ಲ.