ನೆನಪಿನ ಲೆಕ್ಕ

ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿ. ಬೆಂಚಿನ ಮೇಲೆ ಮೂರು ತಾಲ್ಲೂಕಿನ ಮೂವರು. ಟೀವಿಯಲ್ಲಿ ಯಾವುದೋ ಯುದ್ಧ.

ಯಳಂದೂರಿನವರು: ಇದು ಯುಕ್ರೇನಾ?

ಕೊಳ್ಳೇಗಾಲದವರು: ಅದು 2022ರದ್ದು ಕನಪ್ಪಾ. ಹಳೇದಾಯ್ತು.

ಹನೂರಿನವರು: ಯುದ್ಧಕ್ಕೆ ವಯಸ್ಸಾಗ್ನಿಲ್ಲ, ಟೀವಿಯವ್ರಿಗೆ ಬೇಜಾರಾಯ್ತು.

ಯಳಂದೂರಿನವರು: ಬುಡಿ, ಅದು ದೂರದ್ದು. ನಮ್ಮೂರ್ದ ಮರೀತೀವಾ?

ಹನೂರಿನವರು: ಹಂಗಾರೆ ಹೇಳಿ. 2025ರ ಜೂನಲ್ಲಿ ಮಾದಪ್ಪನ ಬೆಟ್ಟದ ಕಾಡಲ್ಲಿ ಏನಾಯ್ತು?

ಕೊಳ್ಳೇಗಾಲದವರು: ತಾಯಿ ಹುಲಿ, ನಾಕು ಮರಿ, ವಿಷಕ್ಕೆ ಸತ್ತೋದೊ! ನಾನೂ ಸ್ಟೇಟಸ್ ಹಾಕಿದ್ದೆ. ಕಣ್ಣೀರಿನ ಗೊಂಬೆ ಸಮೇತ.

ಹನೂರಿನವರು: ಎಷ್ಟು ದಿವಸ ಇತ್ತು?

ಕೊಳ್ಳೇಗಾಲದವರು: ಅದು ಇರೋದೇ 24 ಗಂಟೆ.

ಹನೂರಿನವರು: ನಾಗಪ್ಪನವರನ್ನ ವೀರಪ್ಪನ್ ಹೊತ್ಕೊಂಡೋಗಿದ್ದು?

ಯಳಂದೂರಿನವರು: 2000! ನೂರೆಂಟು ದಿನ!

ಹನೂರಿನವರು: ಅದು ರಾಜ್‌ಕುಮಾರ್. ನಾಗಪ್ಪನವರದು 2002, ನಮ್ಮ ಕಾಮಗೆರೆಯಿಂದ. ಮಾಜಿ ಮಂತ್ರಿ. ಡಿಸೆಂಬರಲ್ಲಿ ಹೆಣ ಸಿಕ್ತು.

ಕೊಳ್ಳೇಗಾಲದವರು: ವಾಪಸ್ ಬಂದೋರ್ದು ನೆನಪಿರ್ತದೆ ಬುಡಿ.

ಹನೂರಿನವರು: ಸುಳವಾಡಿ?

ಟೀ ಲೋಟಗಳು ಕೆಳಗಿಳಿದವು. 2018ರ ಡಿಸೆಂಬರ್, ಮಾರಮ್ಮನ ಗುಡಿಯ ವಿಷ ಬೆರೆತ ಪ್ರಸಾದ, 17 ಜೀವ. ಇಲ್ಲಿ ನಗಿಸಲು ನನಗೂ ಕೈ ಬರುವುದಿಲ್ಲ.

ಅಷ್ಟರಲ್ಲಿ ಟೀವಿಯಲ್ಲಿ ಕ್ರಿಕೆಟ್ ಸ್ಕೋರು. ಮೂರು ತಲೆಯೂ ಆ ಕಡೆ.

ಯಳಂದೂರಿನವರು: ಏನೋ ಮಾತಾಡ್ತಿದ್ದೋ...

ಕೊಳ್ಳೇಗಾಲದವರು: ಹೂಂ, ಯುದ್ಧದ್ದೇನೋ.

ಅಂಗಡಿಯವ: ನಂಗೆಲ್ಲಾ ನೆನಪದೆ ಸ್ವಾಮಿ. ಹೋದ ಸೋಮವಾರ ಮೂರು ಟೀ, ಎರಡು ವಡೆ. ದುಡ್ಡು ಕೊಡ್ನಿಲ್ಲ.

ಹನೂರಿನ ಬಸ್ಸು ಹಾರ್ನ್ ಹಾಕಿತು. ಮೂವರೂ ಅದಕ್ಕೇ ಹತ್ತಿದರು, ಯಳಂದೂರಿನವರೂ.